ಚಿಕ್ಕಬೀರಯ್ಯನ ಕೈ

ಹಾರನಹಳ್ಳಿಯ ಮಟನ್ ಅಂಗಡಿ ಚಿಕ್ಕಬೀರಯ್ಯನಿಗೆ ಬಾಯಿಗಿಂತ ಕೈ ಮುಂದು. ಹತ್ತೊಂಬತ್ತನೇ ವಯಸ್ಸಿಗೇ ಚಿಲ್ಲರೆ ಕೊಡದ ಕಂಡಕ್ಟರನ ಎರಡು ಹಲ್ಲು ಉದುರಿಸಿದ್ದ. ಮದುವೆಯಾದ ವರ್ಷ, ಸಾರಿಗೆ ಉಪ್ಪು ಜಾಸ್ತಿ ಎಂದ ಭಾವಮೈದುನನ ಮೂಗು ಮುರಿದಿದ್ದ. ಗಂಡು ಅಂದರೆ ಹೀಗಿರಬೇಕು ಎಂದು ಊರವರು ಹೊಗಳಿ ಹೊಗಳಿ ಅವನನ್ನು ಕೆಡಿಸಿದರು. ಹೊಗಳಿದವರಲ್ಲಿ ಅವನ ಏಟು ತಿಂದವರು ಒಬ್ಬರೂ ಇರಲಿಲ್ಲ ಬಿಡಿ.

ಅಷ್ಟಾದರೂ ಆ ಮನೆಯ ಒಲೆ ಉರಿಯುತ್ತಿದ್ದದ್ದು ತಮ್ಮ ಕುಮಾರನ ಬಲಗೈಯಿಂದ. ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲ್ಲಿನ ಕೆಳಗೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಸಾವಿರ, ಅಷ್ಟು ನೂರು, ಅಷ್ಟು ಹತ್ತು; ಸಾವಿರವೋ ನೂರೋ ಹತ್ತೋ ಎಂಬುದಷ್ಟೇ ಬಾಯಲ್ಲಿ. ಕುಮಾರನ ಹಿಡಿತಕ್ಕೆ ಸಿಕ್ಕವನು ಐನೂರು ಇಳಿಸದೆ ಬಿಡಿಸಿಕೊಂಡದ್ದಿಲ್ಲ. ಅಣ್ಣನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಎರಡನೇ ಸುತ್ತಿಗೇ ಎದುರಿನವನ ಬೆರಳು ತಿರುಚಿಬಿಡುತ್ತಿದ್ದ.

ಹೋದ ವರ್ಷ ಚಿಕ್ಕಬೀರಯ್ಯನಿಗೆ ಬ್ಯಾಂಕಿನಲ್ಲಿ ಎರಡು ಲಕ್ಷದ ಓಡಿ, ಅಂದರೆ ಓವರ್‌ಡ್ರಾಫ್ಟ್, ಸಿಕ್ಕಿತು. ಖಾತೆ ಬರಿದಾಗಿದ್ದರೂ ಎರಡು ಲಕ್ಷದವರೆಗೆ ತೆಗೆಯಬಹುದು, ಮಾಂಸ ಮಾರಿದ ಹಾಗೆ ಕಟ್ಟಬಹುದು. ಮಾರಿಹಬ್ಬದ ಕುರಿಗೆಂದು ಅವನು ಅಷ್ಟನ್ನೂ ತೆಗೆಸಿದ. ಮುಂದಿನ ತಿಂಗಳ ಒಂದನೇ ತಾರೀಕು ಬೆಳಗ್ಗೆ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬಂತು. ಅದರಲ್ಲಿ ಅವನಿಗೆ ಓದಲು ಬಂದದ್ದು 590 ಎಂಬ ಅಂಕಿ ಮಾತ್ರ. ಬ್ಯಾಂಕಿನ ಕಾರ್ಡು ಇರುತ್ತಿದ್ದದ್ದು ಕುಮಾರನ ಹತ್ತಿರ. ಕುಮಾರನ ಕಾಲಲ್ಲಿ ಹೊಸ ಚಪ್ಪಲಿ ಬೇರೆ.

"ಐನೂರ್ ತೊಂಬತ್ತ ಯಾರ್ ಕೇಳಿ ತೆಗ್ದೆಲಾ?"

"ನಾನ್ ತೆಗ್ದಿಲ್ಲ ಕಣಣ್ಣ."

"ಮತ್ತೆ ಚಪ್ಲಿ?"

"ಮಿರ್ಲೇಲಿರೋ ಅತ್ತೆ ಕೊಡ್ಸಿದ್ದು. ಬೇಕಾರೆ ಫೋನ್ ಮಾಡಿ ಕೇಳು."

ಕೇಳುವ ಜನ್ಮವೇ ಅಲ್ಲ ಅದು. ಕುಮಾರ ಕತ್ತರಿಸಲು ಅನುವಾಗಲೆಂದು ಕುರಿಯ ತೊಡೆಯನ್ನು ಕೊರಡಿನ ಮೇಲೆ ಬಲಗೈಯಲ್ಲಿ ಅದುಮಿ ಹಿಡಿದಿದ್ದ. ಅಣ್ಣ ಮಚ್ಚನ್ನು ತಿರುಗಿಸಿ, ಅದರ ಬೆನ್ನಿನಿಂದ ಆ ಕೈಯ ಮೇಲೆ ಬಾರಿಸಿದ. ಒಂದಲ್ಲ, ಮೂರು ಸಲ. ಮೂಳೆ ಒಡೆಯುವ ಸದ್ದು ಆ ಅಂಗಡಿಗೆ ಹೊಸದಲ್ಲ. ಅದರ ಜೊತೆಗೆ ಮನುಷ್ಯನ ಕೂಗು ಕೇಳಿದ್ದು ಅದೇ ಮೊದಲು. ಗಿರಾಕಿಗಳು ಕವರು ಬಿಸಾಕಿ ಓಡಿದರು.

ಹೆಂಡತಿ ಚಾಮುಂಡಮ್ಮ ಒಳಗಿಂದ ಬಂದವಳು ಕೊರಡು ನೋಡಿ ಎದೆ ಬಡಿದುಕೊಂಡಳು. "ಒಡಹುಟ್ಟಿದೋನ್ ಕೈಯ ಜಜ್ಜಾಕ್ಬುಟ್ಯಲ್ಲಾ, ನಿನ್ ಕೈ ಸೇದೋಗ!"

ಮೈಸೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಮೂರು ಇನ್ನು ಮಡಚುವುದಿಲ್ಲ ಎಂದರು. ಅಂಗಡಿಯ ಶಟರ್ ಕೈ ಮೇಲೆ ಬಿತ್ತು ಎಂದು ಆಸ್ಪತ್ರೆಯ ಚೀಟಿಯಲ್ಲಿ ಕುಮಾರನೇ ಬರೆಸಿದ. ಆಮೇಲೆ ಅಣ್ಣನೊಂದಿಗೆ ಮಾತು ನಿಲ್ಲಿಸಿದ.

ಮೂರನೇ ದಿನ ಚಿಕ್ಕಬೀರಯ್ಯ ಬ್ಯಾಂಕಿಗೆ ಹೋದ. ಕೌಂಟರಿನ ಹುಡುಗಿ ಸೌಂದರ್ಯ ಕಂಪ್ಯೂಟರ್ ನೋಡಿ ಹೇಳಿದಳು:

"ಲಿಮಿಟ್ ಪೂರ್ತಿ ತೆಗೆದಿದ್ರಿ. ಮೇಲೆ ತಿಂಗಳ ಬಡ್ಡಿ ಬಿದ್ದು ಲಿಮಿಟ್ ದಾಟಿತು. ದಾಟಿದ್ದಕ್ಕೆ ಐನೂರು ಚಾರ್ಜು, ತೊಂಬತ್ತು ಜಿಎಸ್‌ಟಿ."

"ತಕ್ಕಂಡೋನ್ ಯಾರು? ಕರೀರಿ ಅವನ್ನ!"

"ಯಾರೂ ಅಲ್ಲ. ಕಂಪ್ಯೂಟರೇ ಹಾಕ್ಕೊಳ್ಳುತ್ತೆ."

ಅವನು ಗಾಜಿಗೆ ಗುದ್ದಿದ. ಗಾಜು ಒಡೆದು ಮುಂಗೈ ಸೀಳಿತು. ಗಾರ್ಡು ಕೊರಳಪಟ್ಟಿ ಹಿಡಿದು ಮೆಟ್ಟಿಲ ಕೆಳಗೆ ದಬ್ಬಿದಾಗ, ಚಿಕ್ಕಬೀರಯ್ಯ ಹುಟ್ಟಿದ ಮೇಲೆ ಮೊದಲ ಸಲ ತಿರುಗಿ ಹೊಡೆಯಲಿಲ್ಲ. ಹೊಡೆಸಿಕೊಳ್ಳಬೇಕಾದವನು ಯಾರೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಮನೆಗೆ ಬಂದು ಕುಮಾರನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೆಗಲ ಟವಲ್ ತೆಗೆದು, ತಮ್ಮನ ಎಡಗೈಯನ್ನು ತನ್ನ ಕೈ ಮೇಲಿಟ್ಟುಕೊಂಡು ಹೊದಿಸಿದ.

"ನಿನ್ ಕೈಗೆ ನೀನೇ ಬೆಲೆ ಹೇಳ್ಲಾ. ಏನ್ ಕೇಳಿದ್ರೂ ಕೊಡ್ತೀನಿ. ಅಂಗ್ಡಿ ಬೇಕಾ, ಅಂಗ್ಡಿನೇ ತಕ್ಕ."

ಕುಮಾರ ಟವಲ್ಲಿನ ಕೆಳಗೆ ಅಣ್ಣನ ಐದೂ ಬೆರಳು ಹಿಡಿದ.

"ಐದ್ ಲಕ್ಷವಾ?" ಎಂದು ಅಣ್ಣ ಆಸೆಯಿಂದ ಕೇಳಿದ.

"ನೂರು," ಎಂದ ಕುಮಾರ. ಮತ್ತೆ ಐದು ಬೆರಳು ಹಿಡಿದ. ಬಿಟ್ಟು, ನಾಲ್ಕು ಹಿಡಿದ.

"ಇವು ಒಂಬತ್ ಹತ್ತು," ಎಂದು ಕೈ ಬಿಟ್ಟ.