ಅಜ್ಜ ಬಿಟ್ಟ ಒಂದು ಮಾತು

ಕಳೆದ ತಿಂಗಳು ನರಗುಂದದಲ್ಲಿ ಸಾಲಿ ಬಿಟ್ಟ ಮೇಲೆ ಮನೆಗೆ ನಡೆದು ಬರುತ್ತಿದ್ದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಯಾರೋ ಒಡಕು ಹರವಿಯೊಳಗೆ ಸುಣ್ಣ ಅರಳಿಸುತ್ತಿದ್ದರು. ಈಗ ಎಲ್ಲರ ಮನೆಗೂ ಡಬ್ಬಿಯ ಬಣ್ಣ. ಸುಣ್ಣದ ಕಲ್ಲು ನೀರಿಗೆ ಬಿದ್ದು ಕೊತಕೊತ ಕುದಿಯುವ ಸಪ್ಪಳ, ಮೂಗಿನೊಳಗೆ ಸಣ್ಣಗೆ ಉರಿ ಎಬ್ಬಿಸುವ ಆ ಬಿಸಿ, ಹಸಿ ವಾಸನೆ ನನಗೆ ಎಷ್ಟು ವರ್ಷಗಳ ಮೇಲೆ ಸಿಕ್ಕಿತೋ. ಕೈಯಲ್ಲಿ ಮಕ್ಕಳ ಪೇಪರಿನ ಕಟ್ಟು ಹಿಡಿದುಕೊಂಡೇ ನಿಂತುಬಿಟ್ಟೆ. ಗಜೇಂದ್ರಗಡದ ನಮ್ಮ ಅಜ್ಜನ ಮನೆಗೆ ಕ್ರಿಸ್‌ಮಸ್ ಬರುತ್ತಿದ್ದದ್ದು ಈ ವಾಸನೆಯ ಜೊತೆಗೆ. ಅಜ್ಜನ ಮಗ ಯೋನಮಾಮಾ ಗೌಂಡಿ, ಮನೆ ಕಟ್ಟುವ ಕೆಲಸದವನು. ಹಬ್ಬ ಎರಡು ವಾರ ಇರುವಾಗ ಹಿತ್ತಲಲ್ಲಿ ಸುಣ್ಣ ಅರಳಿಸಿ, ಅದಕ್ಕೆ ಚೂರು ನೀಲಿ ಹಾಕಿ, ಮಣ್ಣಿನ ಗೋಡೆಗಳನ್ನು ಬೆಳ್ಳಗೆ ಮಾಡುತ್ತಿದ್ದ. ಮುಂದಿನ ಪಡಸಾಲೆಯಲ್ಲಿ ಅಜ್ಜನ ಕುಣಿಮಗ್ಗ, ಅದರ ಹಿಂದೆ ಒಲೆಯ ಕೋಣೆ, ಆಮೇಲೆ ಒಂದು ಬೇವಿನ ಗಿಡ. ಇಷ್ಟೇ ಮನೆ. ಅಪ್ಪ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದ. ಅವ್ವನಿಗೆ ರೋಣದಲ್ಲಿ ನರ್ಸಿನ ಪಾಳಿ ಕೆಲಸ. ಹಾಗಾಗಿ ನಾನು ಬೆಳೆದದ್ದು ಆ ಮನೆಯಲ್ಲಿ, ಅಜ್ಜ, ನಾವು ಆಯಿ ಅನ್ನುತ್ತಿದ್ದ ಅಜ್ಜಿ, ಮಾಮಾ ಮತ್ತು ಶಾಂತತ್ತಿಯ ನಡುವೆ.

ಅಜ್ಜ ವಾರದಲ್ಲಿ ಆರು ದಿನ ನೇಕಾರ, ಏಳನೆಯ ದಿನ ಉಪದೇಶಿ. ಪಾದ್ರಿಗಳು ತಿಂಗಳಿಗೊಮ್ಮೆ ಗದಗಿನಿಂದ ಬರುತ್ತಿದ್ದರು. ಉಳಿದಂತೆ ನಮ್ಮ ಎಂಟು ಮನೆಗಳ ಸಣ್ಣ ಸಭೆಗೆ ಪ್ರಾರ್ಥನೆ ನಡೆಸುವವನು, ಪ್ರಸಂಗ ಹೇಳುವವನು, ಸತ್ತವರನ್ನು ಮಣ್ಣಿಗೆ ಕೊಡುವವನು ಅಜ್ಜನೇ. ಅವನ ಪ್ರಸಂಗ ಎಲ್ಲಿಂದ ಹೊರಟರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಯಾರಿಗೆ ರಕ್ಷಣೆ, ಯಾರಿಗೆ ಇಲ್ಲ ಅನ್ನುವುದನ್ನು ದೇವರು ಜಗತ್ತು ಹುಟ್ಟುವ ಮೊದಲೇ ನಿಶ್ಚಯಿಸಿದ್ದಾನೆ. ಅವನು ಆರಿಸಿದವರು ಬರುತ್ತಾರೆ, ಆರಿಸದವರು ಎಷ್ಟು ಅತ್ತರೂ ಬರಲಾರರು. "ಸೀರಿ ಅಂಚಿಗೆ ಎಷ್ಟು ಎಳಿ ಅನ್ನೂದು ಹಾಸಿನ್ಯಾಗ ಮೊದ್ಲ ಇರ್ತೈತಿ. ನಡುವ ಲಾಳಿ ತಕರಾರು ಮಾಡಿದ್ರ ಅಂಚು ಬದಲಾಗತೈತೇನು?" ಎಂದು ಕೇಳುತ್ತಿದ್ದ. ಓದು ಬರದ ಆಯಿ ಮನೆಗೆ ಬಂದು ರೊಟ್ಟಿ ಬಡಿಯುತ್ತ ಇದಕ್ಕೆ ಉತ್ತರ ಕೊಡುತ್ತಿದ್ದಳು: "ಹಾಸು ದೇವ್ರದ ಇರವಲ್ದ್ಯಾಕ. ಹೊಕ್ಕು ಹಾಕೂ ಕೈ ನಮ್ದು. ಅವ ಕರೀತಾನ, ಹೋಗೂದು ಬಿಡೂದು ನಮಗ ಬಿಟ್ಟದ್ದು." ಅಜ್ಜ ಸಿಟ್ಟಾಗುತ್ತಿರಲಿಲ್ಲ. ಬಿಸಿ ರೊಟ್ಟಿ ಮುರಿದು, "ನಿನ್ನ ಕೈಗೆ ಆ ಬುದ್ಧಿ ಕೊಟ್ಟಂವ ಯಾರು?" ಎಂದಷ್ಟೇ ಅನ್ನುತ್ತಿದ್ದ. ಕ್ರೂರಿ ಅಲ್ಲ ಅವನು. ನೇಯ್ದ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೂ ಸಾವುಕಾರರ ಮುಂದೆ ತಾನೇ ಬಿಚ್ಚಿ ತೋರಿಸುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವುದು ಅವನ ಬಾಯಿಗೆ ಬರುತ್ತಿರಲಿಲ್ಲ. ನಮ್ಮ ಮನೆ ಮುರಿದದ್ದು ಆ ಗುಣದಿಂದಲೇ.

ಭಾನುವಾರಗಳ ಆ ಮಾತು ನನ್ನೊಳಗೆ ಇಳಿದ ರೀತಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಎಂಟು ಒಂಬತ್ತು ವರ್ಷದ ಹುಡುಗಿ ನಾನು, ದೇವರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ಎಂದು ಹಗಲೆಲ್ಲ ಹೆದರುತ್ತಿದ್ದೆ. ಪ್ರಾರ್ಥನೆ ಮುಗಿಸಿ ಬರುವಾಗ ಓಣಿಯ ಮಗ್ಗಗಳ ಸಪ್ಪಳ ಕೇಳುತ್ತ, ನಾನು ಮನೆಯ ಹೊಸ್ತಿಲು ಮುಟ್ಟುವ ತನಕ ಸಪ್ಪಳ ನಿಲ್ಲದಿದ್ದರೆ ನನ್ನನ್ನು ಆರಿಸಿದ್ದಾನೆ ಎಂದು ಮನಸ್ಸಿನಲ್ಲೇ ಪಣ ಕಟ್ಟುತ್ತಿದ್ದೆ. ಯಾರದೋ ಎಳೆ ಹರಿದು ಮಗ್ಗ ನಿಂತರೆ ಓಣಿಯ ತುದಿಗೆ ಓಡಿ ಹೊಸದಾಗಿ ನಡೆದು ಬರುತ್ತಿದ್ದೆ. ಸುಳ್ಳು ಹೇಳಿದರೆ, ಕೊಟ್ಟ ಮಾತು ಮುರಿದರೆ, ಅದೇ ಗುರುತು, ನಾನು ಪಟ್ಟಿಯಲ್ಲಿಲ್ಲ. ಹೀಗೆಂದು ಅಜ್ಜ ಯಾವತ್ತೂ ಹೇಳಿರಲಿಲ್ಲ. ನಾನೇ ಕಟ್ಟಿಕೊಂಡದ್ದು.

ಶಾಂತತ್ತಿ ಮಾಮಾನ ಹೆಂಡತಿ, ಮುಶಿಗೇರಿಯ ಒಕ್ಕಲಮನೆತನದವಳು. ಮಾಮಾ ಅಲ್ಲಿ ಸಾಲಿಯ ಗೋಡೆ ಕಟ್ಟಲು ಹೋದಾಗ ನೀರು ಕೇಳಿ, ಮರುದಿನವೂ ಕೇಳಿ, ಕಡೆಗೆ ಅವಳನ್ನೇ ಕರೆದುಕೊಂಡು ಬಂದ. ತವರಿನವರು ಮಾತು ಬಿಟ್ಟರು. ನಮ್ಮ ಸಭೆಯವರು, ದೀಕ್ಷಾಸ್ನಾನ ಯಾವಾಗ ಎಂದು ಕೇಳತೊಡಗಿದರು. ಅವಳು ನಗುತ್ತ, "ನನಗ ಒಳಗಿಂದ ಬರ್ಲಿರಿ. ಗಂಡನ್ನ ನೋಡಿ ನೀರಾಗ ಇಳದ್ರ ಅದು ದೇವ್ರಿಗೆ ಮಾಡಿದ್ದ ಆಗತೈತೇನ್ರಿ?" ಎನ್ನುತ್ತಿದ್ದಳು. ಅಜ್ಜ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಆರಿಸಲ್ಪಟ್ಟವಳಾಗಿದ್ದರೆ ಬಂದೇ ಬರುತ್ತಾಳೆ, ನಾವು ಎಳೆಯುವುದೇನು ಎಂದು ಕಾದ. ಅವಳು ತನ್ನ ಮನಸ್ಸಿಗಾಗಿ ಕಾಯುತ್ತಿದ್ದಳು, ಅಜ್ಜ ದೇವರ ಮನಸ್ಸಿಗಾಗಿ. ಆದರೂ ಅವರಿಬ್ಬರಿಗೂ ಭಾಳ ಚಲೋ ಇತ್ತು. ಅಜ್ಜನ ಲಾಳಿಗೆ ನೂಲಿನ ಕಂಡಿಕೆ ಸುತ್ತುವವಳು ಅವಳೇ. ಅಜ್ಜ ಓದಿದ್ದನ್ನು ಕೇಳಿಸಿಕೊಂಡು, ಯಾರೂ ಕೇಳದ ಪ್ರಶ್ನೆ ಕೇಳುವವಳೂ ಅವಳೇ.

ಆ ವರ್ಷ ಅವಳಿಗೆ ದಿನ ತುಂಬುತ್ತ ಬಂದಿತ್ತು. ಸುಣ್ಣ ಬಳಿದ ದಿನ ಮಧ್ಯಾಹ್ನ, ಎಲ್ಲರೂ ಸಾಮಾನು ಹೊರಗಿಟ್ಟು ದಣಿದು ಕುಳಿತಾಗ, ಬೇವಿನ ಗಿಡದ ಕೆಳಗೆ ನನ್ನನ್ನು ಹತ್ತಿರ ಕರೆದು ತಲೆ ಬಾಚುತ್ತ ಕಿವಿಯಲ್ಲಿ ಹೇಳಿದಳು: "ಹಬ್ಬಕ್ಕ ಪಾದ್ರಿಗಳು ಬರ್ತಾರಲ್ಲ, ಆವತ್ತ ನಾ ದೀಕ್ಷಾಸ್ನಾನ ತಗೊಳ್ಳಾಕಿ. ಮನಸ್ಸು ಮಾಡೀನಿ. ಯಾರಿಗೂ ಹೇಳಬ್ಯಾಡ ಮತ್ತ. ಅಜ್ಜನ ಮಾರಿ ನಾ ನೋಡಬೇಕು ಆವತ್ತ." ನಾನು ಅವಳ ಅಂಗೈ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಅವಳ ಬೆರಳಿಗೆಲ್ಲ ಸುಣ್ಣ ಹತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳಿಗೆ ಬ್ಯಾನಿ ಎದ್ದವು. ಸೂಲಗಿತ್ತಿ ನೋಡಿ, ಕೂಸು ಅಡ್ಡ ಐತಿ, ಲಗೂ ದವಾಖಾನಿಗೆ ಒಯ್ಯಿರಿ ಎಂದಳು. ಮಾಮಾ ಟೆಂಪೊ ತಂದ. ಗದಗಿಗೆ ಹೊರಟವರು ಜಕ್ಕಲಿಯ ಹತ್ತಿರವೇ ತಿರುಗಿ ಬಂದರು. ಆಯಿ ಟೆಂಪೊದಿಂದ ಇಳಿದವಳು ಒಳಗೆ ಹೋಗಿ ಹೊಸ ಸುಣ್ಣದ ಗೋಡೆಗೆ ಹಣೆ ಹಚ್ಚಿ ನಿಂತಳು. ತಾಯಿಯ ಹೊಟ್ಟೆಯೊಳಗೇ ಕೂಸೂ ಹೋಗಿತ್ತು.

ಸಂಜೆಯೊಳಗೆ ಮಣ್ಣು ಮಾಡಬೇಕು. ಪಾದ್ರಿಗಳಿಗೆ ಸುದ್ದಿ ಮುಟ್ಟಿ ಅವರು ಬರುವಷ್ಟು ಹೊತ್ತಿರಲಿಲ್ಲ. ಅಜ್ಜ ಬಿಳಿ ಅಂಗಿ ತೊಟ್ಟು ಮುಂದೆ ನಡೆದ. ದೀಕ್ಷೆ ಆಗದವಳನ್ನು ನಮ್ಮ ಜಾಗದಲ್ಲಿ ಹೂಳಬಹುದೇ ಎಂದು ಒಬ್ಬರು ಗೊಣಗಿದರು. ಅಜ್ಜ, "ನನ್ನ ಸೊಸಿ ಆಕಿ" ಎಂದು ಅವರ ಬಾಯಿ ಮುಚ್ಚಿಸಿದ. ಮುಶಿಗೇರಿಯಿಂದ ಅವಳ ತಂದೆ ಬಂದು ಬೇಲಿಯ ಆಚೆಯೇ ನಿಂತಿದ್ದ, ರುಮಾಲು ಕೈಯಲ್ಲಿ ಹಿಡಿದು. ಅಜ್ಜ ಪ್ರಾರ್ಥನೆ ಓದಿದ. ಅದು ನಮಗೆಲ್ಲ ಬಾಯಿಪಾಠ. ಪೆಟ್ಟಿಗೆ ಇಳಿಸಿದ ಮೇಲೆ, ಮೊದಲ ಹಿಡಿ ಮಣ್ಣು ಹಾಕುತ್ತ, ಈ ಜೀವ ಕರ್ತನ ಸನ್ನಿಧಿಯಲ್ಲಿ ಎದ್ದು ನಿಲ್ಲುವುದೆಂಬ ನಿಶ್ಚಯ ನಮಗಿದೆ ಎನ್ನುವ ಅರ್ಥದ ಒಂದು ಮಾತು ಬರುತ್ತದೆ. ಕುಡುಕರನ್ನು ಹೂಳುವಾಗಲೂ, ವರ್ಷಗಟ್ಟಲೆ ಪ್ರಾರ್ಥನೆಗೆ ಬಾರದವರನ್ನು ಹೂಳುವಾಗಲೂ ಆ ಮಾತು ಕೇಳಿದ್ದೇವೆ. ಅಜ್ಜ ಅಲ್ಲಿಗೆ ಬಂದು ನಿಂತ. ಹಿಡಿಮಣ್ಣನ್ನು ಸುಮ್ಮನೆ ಕುಣಿಗೆ ಬಿಟ್ಟ. ಆಮೇಲೆ ಹಾಳೆ ಮಗುಚಿ ಮುಂದಿನದನ್ನು ಓದಿದ. ಆ ಮಾತು ಬಿಟ್ಟದ್ದು ಎಲ್ಲರಿಗೂ ಗೊತ್ತಾಯಿತು. ಮಾಮಾ ತಲೆ ಎತ್ತಿ ತನ್ನ ತಂದೆಯನ್ನು ನೋಡಿದ ನೋಟ ಇವತ್ತಿಗೂ ನನ್ನ ಎದೆಯೊಳಗೆ ಇದೆ.

ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಮಾಮಾ ಕೇಳಿದ: "ಆ ಮಾತು ಯಾಕ ಬಿಟ್ಟಿ?"

"ನನಗ ಗೊತ್ತಿಲ್ಲದ್ದನ್ನ ದೇವ್ರ ಹೆಸರ್ಲೆ ಹ್ಯಾಂಗ ಹೇಳ್ಲಿ, ಯೋನಾ?" ಅಜ್ಜ ಬಿಳಿ ಅಂಗಿಯ ಗುಂಡಿ ಬಿಚ್ಚುತ್ತ ಹೇಳಿದ. "ಆಕಿ ಬರಲಿಲ್ಲ. ಬರಾಕಿ ಇದ್ಲೋ ಇಲ್ಲೋ, ಅವನ ಬಲ್ಲ."

"ಸುಳ್ಳರೆ ಹೇಳಬೇಕಿತ್ತಪ್ಪಾ. ನನಗೋಸ್ಕರ ಒಂದ ಸುಳ್ಳು."

"ಆಗಲಿಲ್ಲ," ಎಂದ ಅಜ್ಜ.

ನಾನು ಕಂಬದ ಹಿಂದೆ ನಿಂತಿದ್ದೆ. ಬಾಯಿ ಬಿಟ್ಟು ಆ ಮಧ್ಯಾಹ್ನದ ಮಾತು ಹೇಳಿದ್ದರೆ! ಆದರೆ ನಾನು ಆಣೆ ಮಾಡಿದ್ದೆ. ಸತ್ತವಳಿಗೆ ಕೊಟ್ಟ ಮಾತು ಮುರಿದರೆ ನನ್ನ ಹೆಸರು ಅಳಿಸಿಹೋಗುತ್ತದೆ ಎಂದು ಹೆದರಿದೆ. ದೇವರು ನಿಶ್ಚಯಿಸಿದ್ದು ಅಜ್ಜನಿಗೆ ಹೇಗೋ ಗೊತ್ತಾಗಿರಬೇಕು, ನನ್ನ ಮಾತಿನಿಂದ ಅದು ಬದಲಾಗುತ್ತದೆಯೇ ಎಂದೂ ಅಂದುಕೊಂಡೆ. ಒಂಬತ್ತು ವರ್ಷದವಳಿಗೆ ಎಷ್ಟು ತಿಳಿಯಬೇಕೋ ಅಷ್ಟೇ ತಿಳಿದಿತ್ತು. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ.

ಆವತ್ತಿನಿಂದ ಮಾಮಾ ಪ್ರಾರ್ಥನೆಗೆ ಹೋಗಲಿಲ್ಲ. ಅಜ್ಜನ ಜೊತೆ ಮಾತೂ ಆಡಲಿಲ್ಲ. ಅದೇ ಮನೆ, ಅದೇ ಒಲೆ, ಎದುರುಬದುರು ತಾಟು. ನಡುವೆ ಆಯಿ, "ನಿಮ್ಮಪ್ಪಗ ಉಪ್ಪು ಬೇಕಂತ" ಎನ್ನುತ್ತ. ಮನೆಗೆ ಮತ್ತೆ ಸುಣ್ಣ ಬಳಿಯಲಿಲ್ಲ. ಗೋಡೆಗಳು ಹೊಗೆ ಕುಡಿದು ಕರ್ರಗಾದವು. ಅಜ್ಜನ ಕಂಡಿಕೆಗಳನ್ನು ನಾನು ಸುತ್ತತೊಡಗಿದೆ. ಅವನ ಪ್ರಸಂಗಗಳು ಗಿಡ್ಡವಾದವು. ಆಯ್ಕೆಯ ಮಾತು ಬರುವ ಹೊತ್ತಿಗೆ ಪುಸ್ತಕ ಮುಚ್ಚಿ ಪ್ರಾರ್ಥನೆಗೆ ಎದ್ದುಬಿಡುತ್ತಿದ್ದ.

ನನಗೆ ಹದಿನಾರು ತುಂಬುವ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದ. ನೂಲಿನ ದೂಳು ಕುಡಿದ ಎದೆ, ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ರೋಗಕ್ಕಿಂತ ಅಂಜಿಕೆ ಅವನನ್ನು ಹೆಚ್ಚು ತಿನ್ನುತ್ತಿತ್ತು. ಆಯಿಯ ಮೊಣಕೈ ಹಿಡಿದು ಕೇಳುತ್ತಿದ್ದ: "ಅಷ್ಟು ಮಂದಿಗೆ ಹೇಳಿದ್ನಲ್ಲಾ. ನಾ ಅದೀನೇನ ಅದರಾಗ? ನನ್ನ ಹೆಸರು ಐತೇನ?" ಆಯಿ ಹಣೆ ಒರೆಸುತ್ತ, "ಐತಿ, ಖರೇ ಐತಿ" ಎನ್ನುತ್ತಿದ್ದಳು. "ನಿನಗ ಹ್ಯಾಂಗ ಗೊತ್ತು?" ಎಂದು ಅವನು ಮುಖ ತಿರುಗಿಸುತ್ತಿದ್ದ. ಅಂಥ ಒಂದು ಸಂಜೆ ನನ್ನಿಂದ ತಡೆಯಲಾಗಲಿಲ್ಲ. ಹಾಸಿಗೆಯ ಪಕ್ಕ ಕುಳಿತು ಶಾಂತತ್ತಿ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಮನಸ್ಸು ಮಾಡಿದ್ದಳು, ಹಬ್ಬಕ್ಕಾಗಿ ಕಾಯುತ್ತಿದ್ದಳು, ನಿನ್ನ ಮುಖ ನೋಡಬೇಕು ಅಂದಿದ್ದಳು ಅಜ್ಜಾ, ಎಂದೆ. ಅಜ್ಜ ನನ್ನ ಕಡೆ ಹೊರಳಿದ. ಬೈಯುತ್ತಾನೆ ಎಂದುಕೊಂಡೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟು, "ಇಷ್ಟು ವರ್ಷ ಇದನ್ನ ಒಬ್ಬಾಕಿನ ಹೊತ್ತಿ ಏನ, ಕೂಸ" ಎಂದ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು, ಸಪ್ಪಳವಿಲ್ಲದೆ ಅತ್ತ.

ಆ ರಾತ್ರಿ ಆಯಿ ಅದನ್ನೆಲ್ಲ ಮಾಮಾನಿಗೂ ಹೇಳಿದಳು. ಮರುದಿನ ಅಜ್ಜನಿಗೆ ಒಂದೇ ಹಟ. ಶಾಂತವ್ವನ ಸಮಾಧಿಗೆ ಒಯ್ಯಿರಿ, ಬಿಟ್ಟ ಮಾತನ್ನು ಅಲ್ಲಿ ಹೇಳಬೇಕು. ಎತ್ತಿಕೊಂಡು ಹೋಗುವಷ್ಟು ಬಲ ಇದ್ದವನು ಮಾಮಾ ಒಬ್ಬನೇ. ಅಜ್ಜ ಅವನ ಕಡೆ ಕೈ ಚಾಚಿ, "ಯೋನಾ, ನನ್ನ ಒಯ್ಯೋ" ಎಂದ. ಮಾಮಾ ಕರಣಿ, ರಂದ ಅಂತ ಗೌಂಡಿ ಸಾಮಾನು ಚೀಲಕ್ಕೆ ಹಾಕುತ್ತಿದ್ದವನು ಹಾಗೆಯೇ ನಿಂತ. ಆಯಿ ಅವನ ಕಾಲು ಹಿಡಿಯಲು ಬಗ್ಗಿದಳು. ಅವಳನ್ನು ತಡೆದು ಮೇಲೆತ್ತಿದ.

"ಅವತ್ತ ಬೇಕಾಗಿತ್ತವ್ವಾ," ಎಂದ. "ಆಕಿ ಮನಸ್ಸು ಮಾಡಿದ್ಲು ಅಂತ ಗೊತ್ತಾದ ಮ್ಯಾಲೆ ಹೇಳೂ ಮಾತು ಆಕಿಗೆ ಬ್ಯಾಡ. ಏನೂ ಗೊತ್ತಿಲ್ಲದಾಗ ಹೇಳಬೇಕಿತ್ತು."

ಚೀಲ ಹೆಗಲಿಗೆ ಹಾಕಿ ಲಕ್ಕಲಕಟ್ಟಿಯ ಕೆಲಸಕ್ಕೆ ಹೋದ. ಯಾರೂ ಅವನನ್ನು ದೂಡಿರಲಿಲ್ಲ, ಯಾವ ಪಟ್ಟಿಯಲ್ಲೂ ಅದು ಮೊದಲೇ ಬರೆದಿರಲಿಲ್ಲ. ತಂದೆಯನ್ನು ಎತ್ತಿಕೊಂಡು ಸಮಾಧಿಗೆ ಹೋಗಬಹುದಿತ್ತು, ಹೋಗಲಿಲ್ಲ. ಸಭೆಯ ಇಬ್ಬರು ಮರುದಿನ ಮಂಚ ಹೊರುತ್ತೇವೆಂದು ಒಪ್ಪಿದರು. ಅವರು ಬರುವಷ್ಟರಲ್ಲಿ ಅಜ್ಜನ ಉಸಿರು ನಿಂತಿತ್ತು. ಕಡೆಯ ಹೊತ್ತಿನಲ್ಲಿ ಅವನ ತುಟಿ ಅಲುಗುತ್ತಿದ್ದವು. ಬಿಟ್ಟ ಆ ಮಾತು ಹೇಳುತ್ತಿದ್ದನೋ, ತನ್ನ ಹೆಸರು ಇದೆಯೇ ಎಂದು ಕೇಳುತ್ತಿದ್ದನೋ, ನನಗೆ ತಿಳಿಯಲಿಲ್ಲ.

ಮಾಮಾ ತಂದೆಯ ಕುಣಿಯನ್ನು ತಾನೇ ತೋಡಿದ. ಒಂದು ತಿಂಗಳಲ್ಲಿ ಗೋವೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದವನು ಎರಡು ಸಲ ಪತ್ರ ಬರೆಸಿದ, ಆಮೇಲೆ ಇಲ್ಲ. ಅವನ ಜೊತೆ ಹೋಗಿದ್ದ ಒಬ್ಬರು ವರ್ಷಗಳ ಮೇಲೆ ಬಂದು, ಜ್ವರದಿಂದ ತೀರಿಕೊಂಡನಂತೆ, ಎಲ್ಲಿ ಹೂಳಿದರೋ ಗೊತ್ತಿಲ್ಲ ಎಂದರು. ಮನೆ ಬಿತ್ತು. ಆ ಜಾಗದಲ್ಲಿ ಈಗ ಯಾರದೋ ಪಾತ್ರೆ ಅಂಗಡಿ. ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು.

ಆಯಿ ರೋಣದಲ್ಲಿ ನಮ್ಮ ಜೊತೆ ಇನ್ನೂ ಹಲವು ವರ್ಷ ಬದುಕಿದಳು. ಕಡೆಯ ಬೇಸಿಗೆಯಲ್ಲಿ ಪಾದ್ರಿಗಳು ಬಂದು, ಸ್ವರ್ಗದ ಬಾಗಿಲು ನಿಮಗಾಗಿ ತೆರೆದಿದೆ ಆಯಿ, ಅಂಜಬೇಡಿ ಎಂದರು. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ತೆರೀಲ್ರಿ. ನಾ ಒಬ್ಬಾಕಿನ ಒಳಗ ಹೋಗಾಂಗಿಲ್ಲ. ನಮ್ಮವರು ಎಲ್ಲೆಲ್ಲಿ ಅದಾರೋ, ಅವರೆಲ್ಲಾ ಬರೂತನಕಾ ಹೊಸ್ತಿಲದಾಗ ಕುಂದರತೇನಿ. ದೇವ್ರಿಗೆ ಹಾಂಗ ಹೇಳ್ರಿ." ಪಾದ್ರಿಗಳು ಅವಳ ಹಣೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು.

ಆಯಿ ಹಟದ ಹೆಂಗಸು. ಇನ್ನೂ ಕುಳಿತೇ ಇದ್ದಾಳೆ ಎಂದು ನನಗೆ ಅನ್ನಿಸುತ್ತದೆ.