ಕೊಸರಿನ ಎರಡು ಆಲೂಗಡ್ಡೆ

ಜುಸಾರಾ ಒಂದು ಸೋಪನ್ನೂ ದಾರದಿಂದ ನಾಲ್ಕು ತುಂಡು ಮಾಡಿಟ್ಟುಕೊಳ್ಳುವ ಹುಡುಗಿ. ಬ್ರೆಜಿಲ್‌ನಲ್ಲಿ ದುಡ್ಡು ಸುರಿದು ಡಾಕ್ಟರ್ ಓದುವುದು ಬಡವರ ಮಕ್ಕಳಿಗೆ ಆಗುವ ಮಾತಲ್ಲ. ಅದಕ್ಕೇ ಗಡಿ ದಾಟಿ ಬೊಲಿವಿಯಾದ ಕೊಚಬಾಂಬಕ್ಕೆ ಬಂದವಳು. ಊರಲ್ಲಿ ಅಮ್ಮ ಹೊಟ್ಟೆಬಟ್ಟೆ ಕಟ್ಟಿ ದುಡ್ಡು ಕಳಿಸುತ್ತಿದ್ದಳು, ಇಲ್ಲಿ ಮಗಳು ಹೊಟ್ಟೆ ಕಟ್ಟಿ ಓದುತ್ತಿದ್ದಳು. ಶಾಂಪೂ ಬಾಟಲಿಗೆ ಮೂರು ಸಲ ನೀರು, ಒಂದೇ ಮೂಳೆಗೆ ಎರಡು ದಿನದ ಸಾರು.

ಮೂರು ವರ್ಷದಿಂದ ಅವಳು ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದುದು ದೋನ್ಯಾ ಇಲಾರಿಯಾ ಎಂಬ ಮುದುಕಿಯ ಹತ್ತಿರ. ಆ ಮಾರುಕಟ್ಟೆಯಲ್ಲಿ ಖಾಯಂ ಕೊಳ್ಳುವವಳೂ ಕಸೇರಾ, ಮಾರುವವಳೂ ಕಸೇರಾ, ಮುದ್ದಿಗೆ ಕಸೇರಿತಾ. ಒಮ್ಮೆ ಹಾಗೆ ಕರೆದುಕೊಂಡರೆ ಬೇರೆಯವರ ಹತ್ತಿರ ಹೋಗೆನೆಂದು ಮಾತು ಕೊಟ್ಟಂತೆ. ತೂಗಿ ಕೊಟ್ಟ ಮೇಲೆ ಮುದುಕಿ ಎರಡು ಆಲೂಗಡ್ಡೆ ಕೊಸರು ಹಾಕುತ್ತಿದ್ದಳು.

"ತಗೋ ಕಸೇರಿತಾ, ಕಡ್ಡಿ ಥರ ಇದೀಯ. ನಾಳೆ ರೋಗಿಗಳು ನಿನ್ನ ನೋಡಿ, 'ಮೊದ್ಲು ನೀವು ಮಲಕ್ಕೊಳ್ಳಿ ಡಾಕ್ಟ್ರೇ' ಅಂತಾರೆ!"

ಕಾಲೇಜಿನಲ್ಲಿ ಜುಸಾರಾಳ ಮಾತಿನ ಧಾಟಿಗೆ ನಗುವವರೇ ಎಲ್ಲ. ಇಡೀ ಊರಿನಲ್ಲಿ ಅವಳನ್ನು ತನ್ನವಳು ಎನ್ನುವಂತೆ ಕರೆಯುತ್ತಿದ್ದುದು ಈ ಮುದುಕಿ ಒಬ್ಬಳೇ. ಅವಳ ಚೀಲ ಹರಿದದ್ದು ಕಂಡು, ತನ್ನ ಹಳೆಯ ಪಟ್ಟೆ ಬಟ್ಟೆಯಲ್ಲಿ ಒಂದು ಹೊಲಿದುಕೊಟ್ಟಿದ್ದಳು.

ಆಗಸ್ಟಿನಲ್ಲಿ ಎದುರು ಸಾಲಿಗೆ ಹೊಸಬಳೊಬ್ಬಳು ಬಂದು ಕೂತಳು. ಅವಳ ಆಲೂಗಡ್ಡೆ ಕಿಲೋಗೆ ಒಂದು ಬೊಲಿವಿಯಾನೊ ಅಗ್ಗ. ಆ ಒಂದು ಬೊಲಿವಿಯಾನೊಗೆ ಬಸ್ಸಿನವನು ಹತ್ತಿಸಿಕೊಳ್ಳುವುದೂ ಇಲ್ಲ, ಆದರೂ ಜುಸಾರಾಳ ಬುದ್ಧಿ ಅದರ ಮೇಲೇ ಹೋಯಿತು.

"ಕಸೇರಾ, ನಂಗೂ ಎರಡು ಕಿಲೋ ಹಾಕಿ," ಎಂದು ಹೊಸಬಳನ್ನು ಗಟ್ಟಿಯಾಗಿ ಕರೆದು, ಪಟ್ಟೆ ಚೀಲವನ್ನೇ ಬಾಯಗಲಿಸಿ ಹಿಡಿದಳು.

ತಿರುಗಿದರೆ ಇಲಾರಿಯಾ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಮುದುಕಿ ತಕ್ಕಡಿ ಒರೆಸುತ್ತ ಕೂತಳು. ಅಂದಿನಿಂದ ಜುಸಾರಾ ಆ ಕಡೆ ತಲೆಯೆತ್ತಿ ನೋಡಲಿಲ್ಲ. ಆದರೆ ಕೊಂಡದ್ದು ಮಾತ್ರ ಹೊಸಬಳ ಹತ್ತಿರವೇ. ನಾಚಿಕೆಗಿಂತ ಉಳಿತಾಯ ದೊಡ್ಡದಾಗಿತ್ತು.

ಅಕ್ಟೋಬರಿನಲ್ಲಿ ರಸ್ತೆ ತಡೆ ಶುರುವಾಯಿತು. ಊರಾಚೆ ರಸ್ತೆಗೆ ಸುರಿದ ಕಲ್ಲುಗುಡ್ಡೆಗಳ ಹಿಂದೆ ತರಕಾರಿ ಲಾರಿಗಳು ನಿಂತವು. ಹನ್ನೆರಡನೆಯ ದಿನ ಜುಸಾರಾಳ ಡಬ್ಬಿಯಲ್ಲಿ ಅಕ್ಕಿ ಮುಗಿಯಿತು, ಪರೀಕ್ಷೆ ಎದುರಿಗಿತ್ತು. ಮಾರುಕಟ್ಟೆಗೆ ಓಡಿದರೆ, ಹೊಸಬಳು ಅವಳನ್ನು ಕಂಡೊಡನೆ ಗೋಣಿಯ ಬಾಯಿ ಮುಚ್ಚಿದಳು.

"ಇದು ನಮ್ಮ ಕಸೇರಾಗಳಿಗೆ ಕಣಮ್ಮ. ನೀನು ಅಗ್ಗ ಅಂತ ಬಂದೋಳು. ನಿನ್ನ ಹಳೇ ಕಸೇರಾ ಅಲ್ಲೇ ಕೂತಿದಾಳಲ್ಲ, ಹೋಗಿ ಕೇಳು."

ಬೈಗುಳ ತಿನ್ನಲು ಸಿದ್ಧಳಾಗಿಯೇ ಜುಸಾರಾ ಮುದುಕಿಯ ಮುಂದೆ ನಿಂತಳು.

"ಕಸೇರಾ... ಒಂದು ಕಿಲೋ ಸಿಗತ್ತಾ?"

ಇಲಾರಿಯಾ ಗೋಣಿ ಬಿಚ್ಚಿದಳು. ಮಾರುಕಟ್ಟೆಯೆಲ್ಲ ಮೂರು ಪಟ್ಟು ಕೇಳುತ್ತಿದ್ದಾಗ ಹಳೆಯ ಬೆಲೆಯನ್ನೇ ಹೇಳಿದಳು. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೂ ಕಾದಳು. ಚೂರು ಹೆಚ್ಚಾಗಿತ್ತು, ಒಂದು ಸಣ್ಣ ಗಡ್ಡೆಯನ್ನು ಎತ್ತಿ ವಾಪಸು ಗೋಣಿಗೆ ಹಾಕಿದಳು.

"ತಗೊಳ್ಳಿ ಸೆನ್ಯೋರಿತಾ. ಚಿಲ್ಲರೆ ಎಣಿಸ್ಕೊಳ್ಳಿ."

ಗುರುತಿಲ್ಲದವರನ್ನು ಕರೆಯುವ ಆ 'ಸೆನ್ಯೋರಿತಾ', ಈ 'ತಗೊಳ್ಳಿ' ಜುಸಾರಾಳ ಎದೆಗೆ ಇರಿದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವಳದು ಆಲೂಗಡ್ಡೆಗೆ ಹೋಗಿತ್ತು. ಆದರೂ ಮೂರು ವರ್ಷದ ರೂಢಿ, ಕೊಸರಿಗೆಂದು ಪಟ್ಟೆ ಚೀಲದ ಬಾಯಿ ಅಗಲಿಸಿಕೊಂಡು ನಿಂತೇ ಇದ್ದಳು.

"ಇನ್ನೇನಾದ್ರೂ ಬೇಕಿತ್ತಾ?" ಎಂದಳು ಮುದುಕಿ, ಹಿಂದೆ ನಿಂತವರ ಕಡೆ ಕೈ ಚಾಚುತ್ತ.