ಸೀಟು ತುಂಬಿದ ಮೇಲೆ ಹೊರಡುವ ವಿಮಾನ

ಗೆಳೆಯರೇ, ಭೂಗೋಳದ ಮೇಷ್ಟ್ರಾದ ನಾನು ಇವತ್ತು ದೊಡ್ಡಬೆಳವಂಗಲದ ಶಾಲೆಯಲ್ಲಿ ಏಳನೇ ತರಗತಿಯ ಜಯಮ್ಮನಿಗೆ ಸೋತೆ.

ನಕ್ಷೆಯ ಮೇಲೆ ನೂಲು ಹಿಡಿದು ಅಳೆದರೆ ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ, ಮೈಲಿ ಬಿಟ್ಟು ಹೊಸ ಲೆಕ್ಕದಲ್ಲಿ, ಸುಮಾರು ಮೂರು ಸಾವಿರ ಕಿಲೋಮೀಟರು. ಗಂಟೆಗೆ ಐನೂರರಂತೆ ವಿಮಾನಕ್ಕೆ ಆರು ಗಂಟೆ. ಪರೀಕ್ಷೆಯ ಉತ್ತರದಲ್ಲಿ ಅವಳು ಎಂಟು ಎಂದು ಬರೆದಿದ್ದಳು. ನಾನು ತಪ್ಪು ಹಾಕಿದೆ.

“ಸೀಟು ತುಂಬೋವರ್ಗೂ ನಮ್ಮ ಬಳ್ಳಾಪುರದ ಬಸ್ಸೇ ಹೊರಡಲ್ಲ ಸಾರ್. ಅಷ್ಟು ದೂರದ ಊರಲ್ಲಿ ಜನ ಸೇರೋಕೆ ಎರಡು ಗಂಟೆ ಬೇಡ್ವಾ?” ಎಂದಳು.

“ವಿಮಾನ ಹಂಗೆಲ್ಲ ಕಾಯಲ್ಲ ಕಣಮ್ಮ,” ಎಂದೆ.

“ನೀವು ಹತ್ತಿದ್ದೀರಾ ಸಾರ್?”

ನಾನು ಬಸ್ಸು ಬಿಟ್ಟರೆ ಬೇರೇನೂ ಹತ್ತಿದವನಲ್ಲ. ಪೂರ್ತಿ ಅಂಕ ಕೊಟ್ಟೆ.

“ದೊಡ್ಡವಳಾದ್ಮೇಲೆ ನಾನು ಹೋಗ್ತೀನಿ. ನೀವೂ ಬನ್ನಿ ಸಾರ್, ಬೇಗ ತುಂಬ್ತದೆ,” ಎಂದಳು ಜಯಮ್ಮ.

ಲೇಹ್‌ನಲ್ಲಿ ಯಾರಾದರೂ ಕಾಯುತ್ತಿದ್ದರೆ ತಿಳಿಸಿ, ಎರಡು ಸೀಟು ಆಗಲೇ ತುಂಬಿವೆ.